ನೀರಿನಡಿಯ ಮನೆಯಲ್ಲಿ ಹತ್ತು ದಿನ: ಅಲ್ಲಿ ಇಡೀ ದಿನ ಮಾಡುವುದಾದರೂ ಏನು?

ಮಲ್ಲೇಶ್ವರದ ಮೀನು
ಫ್ಲಾರಿಡಾದ ಕೀ ಲಾರ್ಗೊ ಹತ್ತಿರ ಸಮುದ್ರದಡಿ ಇರುವ ಅಕ್ವೇರಿಯಸ್ ಎಂಬ ಸಂಶೋಧನಾ ಮನೆಯ ಬಗ್ಗೆ ಇಲ್ಲಿ ಯಾರಿಗಾದರೂ ಸರಿಯಾಗಿ ಗೊತ್ತಾ? ನನಗೆ ಓದಲು ಸಿಕ್ಕಿದ್ದೆಲ್ಲ ಎರಡೇ ತರ. ಒಂದು, ನಾಸಾ ತನ್ನ ಗಗನಯಾತ್ರಿಗಳನ್ನು ಅಲ್ಲಿಗೆ ತರಬೇತಿಗೆ ಕಳಿಸುತ್ತಿತ್ತು ಎಂಬ ಹೊಗಳಿಕೆ. ಇನ್ನೊಂದು, ಕಿಟಕಿಯಾಚೆ ಮೀನು ಓಡಾಡುವ ಫೋಟೋ. ಅಲ್ಲಿನ ದಿನಚರಿ ಹೇಗಿರುತ್ತದೆ ಅಂತ ಯಾರೂ ಬರೆಯುವುದಿಲ್ಲ. ಸುಮಾರು 14 ಮೀಟರ್ ಉದ್ದ, 3 ಮೀಟರ್ ಅಗಲದ ಉಕ್ಕಿನ ಕೊಳವೆ. ಅದರೊಳಗೆ ಆರು ಜನ, ಹತ್ತು ದಿನ. ಏನು ತಿನ್ನುತ್ತಾರೆ, ಎಲ್ಲಿ ಸ್ನಾನ ಮಾಡುತ್ತಾರೆ, ಬೇಜಾರಾದರೆ ಏನು ಗತಿ?

ಎರಡನೇ ಪ್ರಶ್ನೆ ಸ್ವಲ್ಪ ಜಗಳದ್ದು. ಈಗ ಕ್ಯಾಮೆರಾ ಹೊತ್ತ ರೋಬೋಟ್‌ಗಳು ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಹೋಗುತ್ತವೆ. ಹಾಗಿರುವಾಗ ಮನುಷ್ಯರನ್ನು ಹದಿನೈದು ಮೀಟರ್ ಕೆಳಗೆ ಕೂರಿಸಲು ಅಷ್ಟು ದುಡ್ಡು ಸುರಿಯಬೇಕಾ?

ಬೆಳ್ಳಂದೂರು ಸಿಗ್ನಲ್
ನಮ್ಮದೂ ಬರ್ತಾ ಇದೆಯಲ್ಲ, ಮತ್ಸ್ಯ 6000. ಮೂರು ಜನ ಕೂರಬಹುದು. ಇದೂ ಅದೇ ತಾನೇ?

ಹಳೇ ರೇಡಿಯೋ
ಅಲ್ಲ ಸ್ವಾಮಿ, ಎರಡಕ್ಕೂ ಸಂಬಂಧವೇ ಇಲ್ಲ. ಮತ್ಸ್ಯ ಒಂದು ಸಬ್‌ಮರ್ಸಿಬಲ್, ಅಂದರೆ ಆಳಕ್ಕೆ ಇಳಿದು ಬರುವ ಚಿಕ್ಕ ನೌಕೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮಾಡುತ್ತಿರುವುದು. ಟೈಟಾನಿಯಂ ಗೋಳ, 2.1 ಮೀಟರ್ ವ್ಯಾಸ. ಅದರೊಳಗೆ ನಾವು ನೆಲದ ಮೇಲೆ ಉಸಿರಾಡುವ ಒತ್ತಡವೇ ಇರುತ್ತದೆ. 6000 ಮೀಟರ್ ಇಳಿದು ಬಂದರೂ ಬಾಗಿಲು ತೆಗೆದು ನೇರ ಮನೆಗೆ ಹೋಗಬಹುದು. ಆದರೆ ಕೆಳಗೆ ಇದ್ದಾಗ ಹೊರಗೆ ಕಾಲಿಡುವ ಪ್ರಶ್ನೆಯೇ ಇಲ್ಲ.

ಅಕ್ವೇರಿಯಸ್ ಪೂರ್ತಿ ಉಲ್ಟಾ. ಅದರ ನೆಲದಲ್ಲಿ ತೆರೆದ ಕೊಳ ಇದೆ, ಬಾಗಿಲೇ ಬೇಡ. ಒಳಗಿನ ಗಾಳಿಯನ್ನು ಹೊರಗಿನ ನೀರಿನಷ್ಟೇ ಒತ್ತಡಕ್ಕೆ ಏರಿಸಿರುತ್ತಾರೆ, ಅದಕ್ಕೇ ನೀರು ಮೇಲೆ ಬರುವುದಿಲ್ಲ. ನಮ್ಮ ಮಾಮೂಲಿ ಒತ್ತಡದ ಸುಮಾರು ಎರಡೂವರೆ ಪಟ್ಟು. ಬೇಕಾದಾಗ ಮೆಟ್ಟಿಲು ಇಳಿದು ಈಜಿಕೊಂಡು ಹೋಗಬಹುದು, ಬರಬಹುದು. ಆದರೆ ಮೇಲಕ್ಕೆ ಹೋಗುವ ಹಾಗಿಲ್ಲ.

ಧಾರವಾಡ ಪೇಡೆ
ಮೇಲಕ್ಕ ಯಾಕ ಹೋಗಬಾರದು? ಹದಿನೈದು ಮೀಟರ್ ಅಂದ್ರ ಐದು ಮಹಡಿ. ಈಜು ಬರೋ ಹುಡುಗ ಒಂದು ನಿಮಿಷದಾಗ ಮ್ಯಾಲೆ ಇರ್ತಾನ.

ಸ್ಯಾಟ್ ಚೇಂಬರ್
ಒಂದು ನಿಮಿಷದಲ್ಲಿ ಮೇಲೆ ಇರುತ್ತಾನೆ, ಹೌದು. ಆಮೇಲೆ ಬದುಕಿರುತ್ತಾನಾ ಅನ್ನುವುದು ಬೇರೆ ಮಾತು.

ಪರಿಚಯ ಹೇಳಿಬಿಡುತ್ತೇನೆ. ಊರು ಹೊನ್ನಾವರ. ಕೆಲಸ ಸಮುದ್ರದ ತೈಲಬಾವಿಗಳ ಹಡಗಿನಲ್ಲಿ, ಸ್ಯಾಚುರೇಶನ್ ಡೈವಿಂಗ್ ಲೈಫ್ ಸಪೋರ್ಟ್. ಅಂದರೆ ಡೈವರ್‌ಗಳು ವಾರಗಟ್ಟಲೆ ಒತ್ತಡದ ಕೋಣೆಯಲ್ಲಿ ಇರುವಾಗ ಅವರ ಗಾಳಿ, ಬಿಸಿ, ಊಟ, ಟಾಯ್ಲೆಟ್ ಎಲ್ಲ ಹೊರಗಿನಿಂದ ನೋಡಿಕೊಳ್ಳುವವನು ನಾನು.

ಒತ್ತಡದಲ್ಲಿ ಉಸಿರಾಡಿದಷ್ಟೂ ಗಾಳಿಯಲ್ಲಿರುವ ನೈಟ್ರೋಜನ್ ಮೈಯೊಳಗೆ ಕರಗುತ್ತಾ ಹೋಗುತ್ತದೆ. ರಕ್ತ, ಕೊಬ್ಬು, ಕೀಲು ಎಲ್ಲ ಕಡೆ. ದಿಢೀರ್ ಮೇಲೆ ಬಂದರೆ ಅದು ಗುಳ್ಳೆ ಕಟ್ಟುತ್ತದೆ. ಕೀಲಿನಲ್ಲಿ ಕಟ್ಟಿದರೆ ನೋವು, ಬೆನ್ನುಹುರಿಯಲ್ಲಿ ಕಟ್ಟಿದರೆ ಕಾಲೇ ಹೋಗಬಹುದು. ಇನ್ನೂ ಕೆಟ್ಟ ಜಾಗದಲ್ಲಿ ಕಟ್ಟಿದರೆ ಸಾವು.

ಇದರಲ್ಲೇ ಒಂದು ಲಾಭವೂ ಇದೆ. ಸುಮಾರು ಒಂದು ದಿನ ಅಲ್ಲೇ ಇದ್ದರೆ ಮೈ ಹೀರಬಹುದಾದಷ್ಟು ಹೀರಿ ಮುಗಿದಿರುತ್ತದೆ. ಮಿಡಿ ಉಪ್ಪಿನಕಾಯಿ ಒಮ್ಮೆ ಉಪ್ಪು ಹಿಡಿದ ಮೇಲೆ ಇನ್ನೊಂದು ವರ್ಷ ಭರಣಿಯಲ್ಲಿ ಇಟ್ಟರೂ ಜಾಸ್ತಿ ಉಪ್ಪಾಗುವುದಿಲ್ಲವಲ್ಲ, ಹಾಗೆ. ಹತ್ತು ದಿನ ಇದ್ದರೂ, ತಿಂಗಳು ಇದ್ದರೂ ಡಿಕಂಪ್ರೆಶನ್‌ಗೆ, ಅಂದರೆ ಒತ್ತಡವನ್ನು ನಿಧಾನಕ್ಕೆ ಇಳಿಸಿ ಹೊರಬರಲು, ಹಿಡಿಯುವ ಹೊತ್ತು ಅಷ್ಟೇ. ಅಕ್ವೇರಿಯಸ್‌ನಲ್ಲಿ ಅದು ಸುಮಾರು 17 ಗಂಟೆ. ಅಮೆರಿಕದ ನೌಕಾಪಡೆಯ ವೈದ್ಯ ಜಾರ್ಜ್ ಬಾಂಡ್ ಇದನ್ನು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷಿಸಿ ತೋರಿಸಿದ. ನೀರಿನಡಿಯ ಮನೆಗಳೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ.

ಧಾರವಾಡ ಪೇಡೆ
ಉಪ್ಪಿನಕಾಯಿ ಅಂದಕೂಡ್ಲೆ ತಲೀಗೆ ಹೋತು ನೋಡ್ರಿ.

ಬೆಳ್ಳಂದೂರು ಸಿಗ್ನಲ್
ಹಾಗಾದರೆ ಆ 17 ಗಂಟೆ ಮೇಲಿನ ದೋಣಿಯಲ್ಲಿ ಚೇಂಬರ್ ಒಳಗೆ ಕೂರಿಸುತ್ತಾರಾ?

ಫ್ಲಾರಿಡಾ ಕನ್ನಡತಿ
ಇಲ್ಲ, ಅಲ್ಲೇ ಕೆಳಗೆ. ಅಕ್ವೇರಿಯಸ್ಸೇ ಚೇಂಬರ್. ಮುಖ್ಯ ಕೋಣೆಯ ಬಾಗಿಲು ಮುಚ್ಚಿ, ಒಳಗಿನ ಒತ್ತಡವನ್ನು ನಿಧಾನಕ್ಕೆ ಮೇಲಿನ ಮಟ್ಟಕ್ಕೆ ಇಳಿಸುತ್ತಾರೆ. ಶುರುವಿನಲ್ಲಿ ಮಾಸ್ಕ್ ಹಾಕಿಕೊಂಡು ಬರೀ ಆಮ್ಲಜನಕ ಉಸಿರಾಡುತ್ತಾರೆ. ರಾತ್ರಿ ಮಲಗುತ್ತಾರೆ. ಬೆಳಿಗ್ಗೆ ಏಳುವ ಹೊತ್ತಿಗೆ ಸಮುದ್ರದ ತಳದಲ್ಲಿದ್ದರೂ ನೆಲದ ಮೇಲಿನ ಒತ್ತಡ. ಆಮೇಲೆ ಚಿಕ್ಕ ಕೋಣೆಗೆ ಹೋಗಿ ಮತ್ತೆ ಬೇಗ ಒತ್ತಡ ಏರಿಸಿಕೊಂಡು, ಕೊಳದಿಂದ ಹೊರಬಿದ್ದು ಕೆಲವೇ ನಿಮಿಷದಲ್ಲಿ ಮೇಲೆ ಈಜಿ ಬರುತ್ತಾರೆ. ಅಷ್ಟು ಸ್ವಲ್ಪ ಹೊತ್ತಿನಲ್ಲಿ ಮೈ ಮತ್ತೆ ಹೀರಿಕೊಳ್ಳುವುದು ತೀರಾ ಕಡಿಮೆ.

ನಾನು ಇಲ್ಲಿನ ಕೀಸ್ ದ್ವೀಪಗಳಲ್ಲಿ ಹವ್ಯಾಸಕ್ಕೆ ಡೈವ್ ಮಾಡುತ್ತೇನೆ. ಅಕ್ವೇರಿಯಸ್ ಹತ್ತಿರ ನಮ್ಮಂಥವರು ಹೋಗುವ ಹಾಗಿಲ್ಲ. ಅದು ಇರುವ ಹವಳದ ಬಂಡೆ, ಕಾಂಚ್ ರೀಫ್‌ನ ಆ ಭಾಗ ಸಂಶೋಧನೆಗೆ ಮಾತ್ರ ಮೀಸಲು. ಆದರೆ ಒಳಗೆ ಇದ್ದು ಬಂದವರ ಮಾತು ಕೇಳಿದ್ದೇನೆ, ಅದನ್ನೇ ಬರೆಯುತ್ತೇನೆ.

ದಿನ ಬೇಗ ಶುರು. ತಿಂಡಿ, ಆ ದಿನದ ಕೆಲಸದ ಪಟ್ಟಿ, ದಡದ ಕಂಟ್ರೋಲ್ ರೂಮ್ ಜೊತೆ ಮಾತು. ಆಮೇಲೆ ಇಬ್ಬಿಬ್ಬರಾಗಿ ಹೊರಗೆ. ದಿನಕ್ಕೆ ಒಟ್ಟು 9 ಗಂಟೆವರೆಗೂ ನೀರಿನಲ್ಲಿ ಕೆಲಸ ಮಾಡಬಹುದು. ದೋಣಿಯಿಂದ ಇಳಿದವರಿಗೆ ಅದೇ ಆಳದಲ್ಲಿ ಸಿಗುವುದು ಒಂದು ಗಂಟೆ ಆಸುಪಾಸು. ಸಿಲಿಂಡರ್ ತುಂಬಿಸಿಕೊಳ್ಳಲು ಹವಳದ ಬಂಡೆ ಮೇಲೆ ಅಲ್ಲಲ್ಲಿ ಚಿಕ್ಕ ತಂಗುದಾಣಗಳಿವೆ. ಅದರೊಳಗೆ ಗಾಳಿ ನಿಂತಿರುತ್ತದೆ, ತಲೆ ತೂರಿಸಿ ಮಾತಾಡಬಹುದು.

ಎಲ್ಲ ಕಡೆಗೂ ಹಗ್ಗ ಎಳೆದಿರುತ್ತಾರೆ. ನಮ್ಮ ಡೈವಿಂಗ್‌ನಲ್ಲಿ ದಾರಿ ತಪ್ಪಿದರೆ ಮೇಲೆ ಬಂದು ದೋಣಿ ಎಲ್ಲಿದೆ ಅಂತ ನೋಡುತ್ತೇವೆ. ಅವರಿಗೆ ಆ ಸೌಲಭ್ಯವಿಲ್ಲ. ಹಗ್ಗ ಬಿಟ್ಟರೆ ಕೆಟ್ಟರು. ಹೋದ ಹೊಸದರಲ್ಲಿ ಎಲ್ಲರಿಗೂ ಅದನ್ನೇ ಬಡಿದು ಬಡಿದು ಕಲಿಸುತ್ತಾರೆ: ಏನೇ ಆದರೂ ಮನೆ ಕಡೆ, ಮೇಲಕ್ಕಲ್ಲ.

ಮಲ್ಲೇಶ್ವರದ ಮೀನು
ಇದು ಬೇಕಿತ್ತು ನೋಡಿ! ಊಟ, ಸ್ನಾನ?

ಫ್ಲಾರಿಡಾ ಕನ್ನಡತಿ
ಕೊಳ ಇರುವ ಕೋಣೆಗೆ ವೆಟ್ ಪೋರ್ಚ್ ಅನ್ನುತ್ತಾರೆ. ಸಿಹಿನೀರಿನ ಶವರ್ ಅಲ್ಲೇ. ಬಂದವರು ಉಪ್ಪು ತೊಳೆದುಕೊಂಡು, ಒರೆಸಿಕೊಂಡು, ಆಮೇಲೇ ಒಣ ಕೋಣೆಗೆ. ಒಳಗೆ ಎಸಿ ಇದೆ, ಆದರೂ ತೇವ ಬಿಡುವುದಿಲ್ಲ. ಆರು ಹಾಸಿಗೆ, ಒಂದರ ಮೇಲೊಂದು ಮೂರರಂತೆ. ಊಟದ ಮೇಜಿನ ಪಕ್ಕ ದೊಡ್ಡ ಕಿಟಕಿ. ಮೈಕ್ರೋವೇವ್, ಬಿಸಿನೀರು, ಚಿಕ್ಕ ಫ್ರಿಜ್ ಇದೆ. ತಿನ್ನುವುದು ಜಾಸ್ತಿ ಒಣಗಿಸಿದ ಪ್ಯಾಕೆಟ್ ಊಟ, ಬಿಸಿನೀರು ಹುಯ್ದು ಕಲಸುವುದು. ಒಲೆ ಇಲ್ಲ. ಒತ್ತಡದ ಗಾಳಿಯಲ್ಲಿ ಆಮ್ಲಜನಕವೂ ಜಾಸ್ತಿ ಒತ್ತಡದಲ್ಲಿ ಇರುವುದರಿಂದ ಬೆಂಕಿ ಬೇಗ ಹಿಡಿಯುತ್ತದೆ. ಹಾಗಾಗಿ ಒಗ್ಗರಣೆ ಕನಸಿನಲ್ಲೇ.

ಒಳಗೆ ಶಿಳ್ಳೆ ಹೊಡೆಯಲು ಆಗುವುದಿಲ್ಲವಂತೆ. ಗಾಳಿ ಅಷ್ಟು ದಪ್ಪ. ಸೋಡಾ ಬಾಟಲಿ ತೆರೆದರೆ ಗುಳ್ಳೆಯೂ ಸರಿಯಾಗಿ ಏಳುವುದಿಲ್ಲ.

ಕುಂದಾಪ್ರ ಗಾಳ
ಎಲ್ಲರೂ ಕೇಳಬೇಕು ಅಂತಿದ್ದೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಟಾಯ್ಲೆಟ್?

ಫ್ಲಾರಿಡಾ ಕನ್ನಡತಿ
ಒಳಗೆ ಒಂದು ಇದೆ, ಆದರೆ ಬಳಸುವವರು ಕಡಿಮೆ. ಅಷ್ಟು ಚಿಕ್ಕ ಜಾಗದಲ್ಲಿ ಆರು ಜನ, ವಾಸನೆ ಎಲ್ಲಿಗೆ ಹೋಗಬೇಕು? ಹೊರಗೆ ಸ್ವಲ್ಪ ದೂರದಲ್ಲಿ ಗೆಜಿಬೊ ಅಂತ ಒಂದು ಇದೆ. ತಳ ತೆರೆದ ಗುಮ್ಮಟ, ಒಳಗೆ ಗಾಳಿ. ನಿಜವಾಗಿ ಅದು ತುರ್ತು ಆಸರೆ, ಮನೆಯೊಳಗೆ ಹೊಗೆ ತುಂಬಿದರೆ ಓಡಿಹೋಗಲು. ಆದರೆ ದಿನಾ ಉಪಯೋಗಕ್ಕೆ ಬರುವುದು ನೀವು ಕೇಳಿದ ಕೆಲಸಕ್ಕೆ. ಉಸಿರು ಕಟ್ಟಿ ಈಜಿ ಹೋಗಬೇಕು, ತಲೆ ಗಾಳಿಯಲ್ಲಿ, ಉಳಿದದ್ದು ನೀರಿನಲ್ಲಿ. ಮೀನುಗಳಿಗೆ ಇದು ಚೆನ್ನಾಗಿ ಅಭ್ಯಾಸವಾಗಿದೆ. ಯಾರಾದರೂ ಹೊರಟರೆ ಸಾಕು, ಹಿಂಡು ಹಿಂದೆ ಬರುತ್ತದೆ. ಅವಸರದ ಮೀನು ಕಾಯುವುದೂ ಇಲ್ಲ, ಕಚ್ಚಿಸಿಕೊಂಡವರಿದ್ದಾರೆ.

ಕುಂದಾಪ್ರ ಗಾಳ
😂😂 ಇನ್ನು ಸಂಶೋಧನೆ ಬಗ್ಗೆ ಮಾತಾಡೋಣ.

ಹಾಸನದ ಬಯಾಲಜಿ ಮೇಡಂ
ಮಾತಾಡೋಣ. ರೋಬೋಟ್ ಸಾಕು ಅನ್ನುವವರಿಗೆ ಒಂದು ಉದಾಹರಣೆ. ಕಾಂಚ್ ರೀಫ್‌ನಲ್ಲಿ ಬ್ಯಾರಲ್ ಸ್ಪಂಜು ಎಂಬ ಪ್ರಾಣಿಗಳಿವೆ. ದೊಡ್ಡವು ಮನುಷ್ಯ ಒಳಗೆ ಕೂರುವಷ್ಟು ಇರುತ್ತವೆ. ನೋಡಲು ಕಲ್ಲಿನ ಹಾಗೆ ಸುಮ್ನೆ ಕೂತಿರುತ್ತವೆ, ಆದರೆ ದಿನವಿಡೀ ನೀರು ಎಳೆದು ಸೋಸಿ ಮೇಲಿನ ಬಾಯಿಂದ ಬಿಡುತ್ತಿರುತ್ತವೆ. ಪಕ್ಕದಲ್ಲಿ ಸ್ವಲ್ಪ ಬಣ್ಣದ ನೀರು ಬಿಟ್ಟರೆ ಕೆಲವೇ ಕ್ಷಣದಲ್ಲಿ ಮೇಲಿಂದ ಹೊಗೆಯಂತೆ ಬರುತ್ತದೆ. ಎಷ್ಟು ನೀರು ಒಳಗೆ ಹೋಯಿತು, ಅದರಿಂದ ಏನು ತಿಂದಿತು, ಏನು ಬಿಟ್ಟಿತು ಅಂತ ಅಳೆಯಬೇಕಾದರೆ ಅದೇ ಸ್ಪಂಜಿನ ಮುಂದೆ ಮತ್ತೆ ಮತ್ತೆ ಗಂಟೆಗಟ್ಟಲೆ ಕೂರಬೇಕು. ಸಿರಿಂಜ್ ಹಿಡಿದ ಕೈ ಅಲುಗದಂತೆ ಮಾದರಿ ತೆಗೆಯಬೇಕು.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಅಲ್ಲೇ ಅಳತೆ ಉಪಕರಣ ಇಟ್ಟು ನೋಡಿದಾಗ ಗೊತ್ತಾಯಿತು, ಆಳದ ತಣ್ಣೀರು ಆಗಾಗ ನೀರಿನೊಳಗೇ ಅಲೆಯಾಗಿ ಹವಳದ ಇಳಿಜಾರು ಹತ್ತಿ ಬರುತ್ತದೆ. ಮೇಲೆ ಸಮುದ್ರ ಶಾಂತ, ಏನೂ ಕಾಣುವುದಿಲ್ಲ. ಕೆಳಗೆ ಉಷ್ಣತೆ ದಿಢೀರ್ ಇಳಿಯುತ್ತದೆ, ಜೊತೆಗೆ ಹವಳಕ್ಕೆ ಬೇಕಾದ ಪೋಷಕಾಂಶವೂ ಬರುತ್ತದೆ.

ಬೆಳ್ಳಂದೂರು ಸಿಗ್ನಲ್
ಮೇಡಂ, ಉಪಕರಣ ಇಟ್ಟು ನೋಡಿದ್ದು ಅಂತ ನೀವೇ ಹೇಳಿದಿರಿ. ಅದಕ್ಕೆ ಮನುಷ್ಯ ಅಲ್ಲಿ ಮಲಗಬೇಕಾಗಿಲ್ಲವಲ್ಲ. ಇಟ್ಟು ಬಂದರಾಯಿತು.

ಹಾಸನದ ಬಯಾಲಜಿ ಮೇಡಂ
ಇಡುವವರು ಯಾರು? ಬಂಡೆಗೆ ಮೊಳೆ ಹೊಡೆದು, ಸರಿಯಾದ ಕೋನಕ್ಕೆ ಕೂರಿಸಿ, ಮೇಲೆ ಪಾಚಿ ಬೆಳೆದಾಗ ಉಜ್ಜಿ, ಕೈಕೊಟ್ಟಾಗ ಬಿಚ್ಚಿ ಸರಿ ಮಾಡುವವರು? ಸಮುದ್ರದಲ್ಲಿ ಇಟ್ಟ ಯಾವ ವಸ್ತುವನ್ನೂ ಅದು ಸುಮ್ನೆ ಇರಲು ಬಿಡುವುದಿಲ್ಲ. ಅಲ್ಲಿನ ಕೆಲಸದಲ್ಲಿ ಅರ್ಧ ಉಜ್ಜುವುದೇ.

ನೇತ್ರಾಣಿ ಬಬಲ್
ಇಬ್ಬರ ಮಾತಿನ ನಡುವೆ ಒಂದು. ಈಗ ರಿಬ್ರೀದರ್ ಬಂದಿದೆ. ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಆಮ್ಲಜನಕ ಸೇರಿಸಿ ಮತ್ತೆ ಕೊಡುವ ಯಂತ್ರ. ಅದು ಹಾಕಿಕೊಂಡರೆ ಹದಿನೈದು ಇಪ್ಪತ್ತು ಮೀಟರ್ ಆಳದಲ್ಲಿ ದೋಣಿಯಿಂದ ಇಳಿದವರೂ ತುಂಬಾ ಹೊತ್ತು ಇರಬಹುದು. ಗುಳ್ಳೆ ಸದ್ದೂ ಇಲ್ಲ, ಮೀನು ಹೆದರುವುದಿಲ್ಲ. ಅಕ್ವೇರಿಯಸ್ ಕಟ್ಟಿದ 1986ರಲ್ಲಿ ವಿಜ್ಞಾನಿಗಳ ಕೈಗೆ ಇದು ಇರಲಿಲ್ಲ. ರೋಬೋಟ್‌ಗಿಂತ ಇದೇ ಅದಕ್ಕೆ ನಿಜವಾದ ಪೈಪೋಟಿ ಅಂತ ನನ್ನ ಅನಿಸಿಕೆ.

ಸ್ಯಾಟ್ ಚೇಂಬರ್
ಒಪ್ಪುತ್ತೇನೆ, ಆದರೆ ರಿಬ್ರೀದರ್ ಬಗ್ಗೆ ಜೋಪಾನ. 2009ರಲ್ಲಿ ಅಕ್ವೇರಿಯಸ್ ಹೊರಗೆ ಕೆಲಸದಲ್ಲಿದ್ದ ಅನುಭವಿ ಡೈವರ್ ಒಬ್ಬರು ತೀರಿಕೊಂಡಾಗ ಅವರ ಬೆನ್ನಿಗಿದ್ದದ್ದು ರಿಬ್ರೀದರ್. ಅದಕ್ಕೂ ಮೊದಲು 1969ರಲ್ಲಿ ಅಮೆರಿಕ ನೌಕಾಪಡೆಯ ನೀರಿನಡಿಯ ಮನೆ, ಸೀಲ್ಯಾಬ್ 3. ಬೆರಿ ಕ್ಯಾನನ್ ಎಂಬ ಡೈವರ್ ಕಾರ್ಬನ್ ಡೈಆಕ್ಸೈಡ್‌ನಿಂದ ಸತ್ತರು. ತನಿಖೆಯಲ್ಲಿ ಒಂದು ಉಸಿರಾಟದ ಯಂತ್ರದಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರುವ ರಾಸಾಯನಿಕವೇ ತುಂಬಿರಲಿಲ್ಲ ಅಂತ ಕಂಡುಬಂತು. ಸೀಲ್ಯಾಬ್ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಯಂತ್ರ ದೊಡ್ಡದಾದಷ್ಟೂ ಕೊಲ್ಲುವುದು ಚಿಕ್ಕ ಡಬ್ಬಿ, ಚಿಕ್ಕ ವಾಲ್ವ್. ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಅದಕ್ಕೇ ಒಂದೊಂದನ್ನೂ ಜೋರಾಗಿ ಓದಿ, ಬೆರಳಿಟ್ಟು ಮುಟ್ಟಿ ನೋಡುತ್ತೇವೆ.

ಹಳೇ ರೇಡಿಯೋ
ಸೀಲ್ಯಾಬ್ ಹೆಸರು ಬಂತಲ್ಲ, ಹಾಗಾದರೆ ಶುರುವಿನಿಂದ ಹೇಳುತ್ತೇನೆ, ತಾಳ್ಮೆ ಇದ್ದವರು ಓದಿ.

1962ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ತನ್ನ ತಂಡದ ಇಬ್ಬರನ್ನು ಮಾರ್ಸೇ ಹತ್ತಿರ 10 ಮೀಟರ್ ಆಳದಲ್ಲಿ ಒಂದು ವಾರ ಇರಿಸಿದ. ಆಲ್ಬರ್ಟ್ ಫಾಲ್ಕೊ, ಕ್ಲೋಡ್ ವೆಸ್ಲಿ. ಮುಂದಿನ ವರ್ಷ ಸುಡಾನ್ ತೀರದಾಚೆ ಕೆಂಪು ಸಮುದ್ರದಲ್ಲಿ ಒಂದು ಸಣ್ಣ ಊರನ್ನೇ ಇಳಿಸಿದ. ನಕ್ಷತ್ರ ಮೀನಿನ ಆಕಾರದ ಮನೆ, ತಟ್ಟೆಯಾಕಾರದ ಸಬ್‌ಮರೀನ್‌ಗೆ ಗ್ಯಾರೇಜು. ತಿಂಗಳು ಇದ್ದರು, ಜೊತೆಗೆ ಒಂದು ಗಿಳಿ. ಒಳಗೆ ಸಿಗರೇಟು ಸೇದುತ್ತಿದ್ದರು! ಅಕ್ವೇರಿಯಸ್‌ನಲ್ಲಿ ಒಲೆ ಇಲ್ಲ ಅಂದಾಗ ನನಗೆ ಅದೇ ನೆನಪಾಯಿತು.

1965ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾ ಎದುರು ಸೀಲ್ಯಾಬ್ 2, ಸುಮಾರು 62 ಮೀಟರ್ ಆಳ. ತಳ ಇಳಿಜಾರಾಗಿದ್ದರಿಂದ ಮನೆ ವಾಲಿತ್ತು, ಅದಕ್ಕೆ ಒಳಗಿದ್ದವರು ವಾಲಿದ ಹಿಲ್ಟನ್ ಅಂತ ಅಡ್ಡಹೆಸರು ಇಟ್ಟರು. ಭೂಮಿ ಸುತ್ತಿ ಬಂದಿದ್ದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಅದರಲ್ಲಿ ಸುಮಾರು ಒಂದು ತಿಂಗಳು ಇದ್ದರು. ಟಫಿ ಎಂಬ ಡಾಲ್ಫಿನ್ ಮೇಲಿನಿಂದ ಸಾಮಾನು ತಂದು ಕೊಡುತ್ತಿತ್ತು. ಒಳಗೆ ಹೀಲಿಯಂ ಬೆರೆತ ಗಾಳಿ, ಹಾಗಾಗಿ ಎಲ್ಲರದೂ ಕೀಚಲು ದನಿ. ಅಧ್ಯಕ್ಷ ಜಾನ್ಸನ್ ಜೊತೆ ಕಾರ್ಪೆಂಟರ್ ಫೋನಿನಲ್ಲಿ ಆ ದನಿಯಲ್ಲೇ ಮಾತಾಡಿದರು.

ಸ್ಯಾಟ್ ಚೇಂಬರ್
ಆ ದನಿ ಕೇಳಿ ನಗು ಬರುವುದು ಮೊದಲ ವಾರ ಮಾತ್ರ. ಆಮೇಲೆ ಅದೇ ದನಿಯಲ್ಲಿ ಬೈಗುಳ ಕೇಳಿಸಿಕೊಳ್ಳಬೇಕು. ದನಿ ಸರಿಪಡಿಸುವ ಯಂತ್ರ ಇದೆ, ಆದರೂ ಅರ್ಧ ಅಂದಾಜಿನ ಮೇಲೆಯೇ ನಡೆಯುತ್ತದೆ.

ದನಿಗಿಂತ ದೊಡ್ಡ ತಲೆನೋವು ಚಳಿ. ಹೀಲಿಯಂ ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಕೋಣೆ 30 ಡಿಗ್ರಿ ಆಸುಪಾಸು ಇಟ್ಟಿರುತ್ತೇವೆ. ಒಂದೆರಡು ಡಿಗ್ರಿ ಇಳಿದರೂ ಒಳಗಿನಿಂದ ಫೋನ್ ಬರುತ್ತದೆ.

ಊಟ ಕಳಿಸುವುದು ಚಿಕ್ಕ ಗೋಡೆಗೂಡಿನ ಮೂಲಕ, ಎರಡು ಕಡೆ ಬಾಗಿಲು. ಗಾಳಿ ಹಿಡಿದಿಟ್ಟ ಏನನ್ನೂ ಹಾಗೇ ಕಳಿಸಬಾರದು. ಒಬ್ಬ ಹೊಸ ಹುಡುಗ ಅರ್ಧ ಖಾಲಿಯಾದ ಶಾಂಪೂ ಬಾಟಲಿಯನ್ನು ಮುಚ್ಚಳ ಬಿಗಿ ಮಾಡಿಯೇ ಇಟ್ಟ. ಒತ್ತಡ ಏರಿಸಿದಾಗ ಬಾಟಲಿ ಚಪ್ಪಟೆಯಾಗಿ, ಬಿರಿದು, ಪಕ್ಕದಲ್ಲಿದ್ದ ಅನ್ನ ಸಾರಿನ ಮೇಲೆಲ್ಲ ನೊರೆ. ಒಳಗಿನವರು ಅವತ್ತು ಅವನನ್ನು ಬಿಡಲಿಲ್ಲ. ವಾಪಸ್ ಬರುವಾಗ ಇದರ ಉಲ್ಟಾ: ವಾಚಿನೊಳಗೆ ಸೇರಿಕೊಂಡ ಹೀಲಿಯಂ ಹೊರಬರಲು ದಾರಿ ಸಿಗದೆ ಗಾಜು ಹಾರಿಸುತ್ತದೆ.

ಧಾರವಾಡ ಪೇಡೆ
ಅಲ್ಲೇ ಅನ್ನ ಸಾರು ಸಿಗತೈತಿ ಅಂದ್ರ ಬರ್ತೀನಿ ನಾನು.

ಸ್ಯಾಟ್ ಚೇಂಬರ್
ಸಿಗುತ್ತದೆ, ಆದರೆ ರುಚಿ ಹತ್ತುವುದಿಲ್ಲ. ಒಳಗೆ ಎಲ್ಲರ ನಾಲಿಗೆಯೂ ಮಂಕು. ಖಾರದ ಸಾಸ್ ಬಾಟಲಿ ಖಾಲಿಯಾದಷ್ಟು ಬೇಗ ಇನ್ನೇನೂ ಆಗುವುದಿಲ್ಲ.

ಶಿರಸಿ ಅಡಕೆ
ಸ್ಯಾಚುರೇಶನ್ ಅಂದರೆ ನನಗೆ ಬೈಫೋರ್ಡ್ ಡಾಲ್ಫಿನ್ ಎಂಬ ತೈಲ ರಿಗ್‌ನ ಅಪಘಾತ ನೆನಪಾಗುತ್ತದೆ. 1983, ನಾರ್ವೆ ಕಡೆಯ ಸಮುದ್ರ. ಕೋಣೆ ಇನ್ನೂ ಮುಚ್ಚಿರಲಿಲ್ಲ, ಅಷ್ಟರಲ್ಲಿ ಡೈವರ್‌ಗಳನ್ನು ಕೆಳಗೆ ಇಳಿಸಿ ತರುವ ಬೆಲ್‌ಗೆ ಜೋಡಿಸಿದ ಕ್ಲ್ಯಾಂಪ್ ಬಿಚ್ಚಿತು. ಒಂಬತ್ತು ಪಟ್ಟು ಒತ್ತಡದಿಂದ ಕ್ಷಣದಲ್ಲಿ ಒಂದಕ್ಕೆ. ಐದು ಜನ ಸತ್ತರು. ಅದನ್ನು ಓದಿದ ಮೇಲೆ ಇಂಥ ಜಾಗಕ್ಕೆ ಯಾರಾದರೂ ಯಾಕೆ ಹೋಗುತ್ತಾರೆ ಅಂತಲೇ ಅರ್ಥವಾಗುವುದಿಲ್ಲ.

ಸ್ಯಾಟ್ ಚೇಂಬರ್
ಸಂಬಳಕ್ಕೆ ಹೋಗುತ್ತಾರೆ. ಇನ್ನೇನು?

ಮಲ್ಲೇಶ್ವರದ ಮೀನು
ವಿಜ್ಞಾನಿಗಳು ಸಂಬಳಕ್ಕೆ ಹೋಗುವುದಿಲ್ಲವಲ್ಲ. ಅಂದ ಹಾಗೆ ಗಗನಯಾತ್ರಿಗಳಿಗೆ ಅಲ್ಲಿ ಏನು ಕೆಲಸ? ಸುನಿತಾ ವಿಲಿಯಮ್ಸ್ ಕೂಡ 2002ರಲ್ಲಿ 9 ದಿನ ಅಕ್ವೇರಿಯಸ್‌ನಲ್ಲಿ ಇದ್ದರಂತೆ. ಬಾಹ್ಯಾಕಾಶಕ್ಕೂ ಸಮುದ್ರಕ್ಕೂ ಎಲ್ಲಿಗೆಲ್ಲಿ?

ಹಳೇ ರೇಡಿಯೋ
ನಾಸಾದ ನೀಮೊ ಕಾರ್ಯಕ್ರಮ ಅದು, 2001ರಲ್ಲಿ ಶುರುವಾಗಿ 2019ರವರೆಗೆ ನಡೆಯಿತು. ನೀರಿನಲ್ಲಿ ತೂಕ ಕಟ್ಟಿಕೊಂಡು ಚಂದ್ರನ ಮೇಲೆ ನಡೆದಂತೆ ನಡೆಯುವುದು, ಸಾಧನ ಪರೀಕ್ಷಿಸುವುದು, ದಡದ ಜೊತೆ ಬೇಕೆಂದೇ ತಡವಾಗಿ ಮಾತಾಡುವುದು, ಅಂಥದ್ದೆಲ್ಲ ಮಾಡಿಸುತ್ತಿದ್ದರು. ಆದರೆ ನನ್ನ ಪ್ರಕಾರ ಅವರಿಗೆ ಬೇಕಾದದ್ದು ಒಂದೇ. ಇದು ನಾಟಕದ ತರಬೇತಿ ಅಲ್ಲ. ಸಿಟ್ಟು ಬಂದರೆ ಎದ್ದು ಹೋಗಲು ಆಗದ ಜಾಗ. ಬಾಹ್ಯಾಕಾಶ ನಿಲ್ದಾಣದಿಂದ ಸೋಯುಜ್ ನೌಕೆ ಹತ್ತಿದರೆ ಕೆಲವೇ ಗಂಟೆಯಲ್ಲಿ ನೆಲ ಮುಟ್ಟಬಹುದು. ಅಕ್ವೇರಿಯಸ್‌ನಿಂದ ಐದು ಮಹಡಿ ಮೇಲೆ ಬರಲು 17 ಗಂಟೆ.

1969ರಲ್ಲೇ ಇದನ್ನು ನೋಡಿದ್ದರು. ಅಮೆರಿಕದ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಟೆಕ್ಟೈಟ್ ಎಂಬ ಮನೆ, ನಾಲ್ವರು ವಿಜ್ಞಾನಿಗಳು, ಸುಮಾರು ಎರಡು ತಿಂಗಳು. ಅವರು ಮೀನು ನೋಡುತ್ತಿದ್ದರೆ ನಾಸಾದವರು ಅವರನ್ನೇ ನೋಡುತ್ತಿದ್ದರು: ಯಾರು ಯಾರ ಜೊತೆ ಮಾತಾಡಿದರು, ಯಾರು ಮುನಿಸಿಕೊಂಡರು, ಎಷ್ಟು ಹೊತ್ತು ಮಲಗಿದರು.

ಹಾಸನದ ಬಯಾಲಜಿ ಮೇಡಂ
1970ರ ಟೆಕ್ಟೈಟ್ 2 ಬಿಟ್ಟಿರಲ್ಲ! ಸಿಲ್ವಿಯಾ ಅರ್ಲ್ ಮುಂದಾಳುತನದಲ್ಲಿ ಐದು ಜನ ಹೆಂಗಸರ ತಂಡ, ಎರಡು ವಾರ. ಗಂಡಸರ ಜೊತೆ ಒಂದೇ ಮನೆಯಲ್ಲಿ ಇರಿಸಲು ಮುಜುಗರ, ಹಾಗಾಗಿ ಬೇರೆ ತಂಡ. ಸಾವಿರ ಗಂಟೆಗಿಂತ ಜಾಸ್ತಿ ನೀರಿನಲ್ಲಿ ಕಳೆದಿದ್ದ ವಿಜ್ಞಾನಿಯನ್ನು ಪತ್ರಿಕೆಯವರು ಕೇಳಿದ್ದು ಲಿಪ್‌ಸ್ಟಿಕ್ ಹಚ್ಚುತ್ತೀರಾ, ಹೇರ್ ಡ್ರೈಯರ್ ಇದೆಯಾ ಅಂತ. ಮೀನಿನ ಬಗ್ಗೆ ಕೇಳಿದವರು ಕಡಿಮೆ. ಅಲ್ಲಿ ಅವರು ಬರೆದಿಟ್ಟದ್ದು ಯಾವ ಮೀನು ಯಾವ ಗಿಡ ತಿನ್ನುತ್ತದೆ, ಯಾವ ಹೊತ್ತಿಗೆ ಏಳುತ್ತದೆ ಅಂತೆಲ್ಲ. ಅಲ್ಲೇ ವಾಸ ಇದ್ದರೆ ಮಾತ್ರ ಕಾಣುವಂಥದ್ದು. ಒಂದು ಗಂಟೆ ಬಂದು ಹೋಗುವವರಿಗೆ ಎಲ್ಲ ಮೀನೂ ಒಂದೇ.

ಬೆಳ್ಳಂದೂರು ಸಿಗ್ನಲ್
ಈಗ 100 ದಿನ, 120 ದಿನ ಅಂತ ದಾಖಲೆ ಮಾಡುತ್ತಾರಲ್ಲ, ಅವರೆಲ್ಲ ಇದೇ ತರವಾ?

ಫ್ಲಾರಿಡಾ ಕನ್ನಡತಿ
2023ರಲ್ಲಿ ಜೋಸೆಫ್ ಡಿಟುರಿ 100 ದಿನ ಇದ್ದದ್ದು ಇಲ್ಲೇ ಕೀ ಲಾರ್ಗೊದ ಜೂಲ್ಸ್ ಅಂಡರ್‌ಸೀ ಲಾಡ್ಜ್‌ನಲ್ಲಿ. ಅದು ಹಳೆಯ ಸಂಶೋಧನಾ ಮನೆ, 1986ರಿಂದ ಹೋಟೆಲ್. ದುಡ್ಡು ಕೊಟ್ಟರೆ ನೀವೂ ಮಲಗಬಹುದು, ಡೈವರ್ ಪಿಜ್ಜಾ ತಂದುಕೊಡುತ್ತಾನೆ. ಒತ್ತಡ ಕಡಿಮೆ, ಆದರೆ ಅದೂ ಒತ್ತಡದ ಮನೆಯೇ. 120 ದಿನದ್ದು ಪನಾಮಾ ಹತ್ತಿರ, ಜರ್ಮನಿಯ ರೂಡಿಗರ್ ಕೋಹ್, 2025ರ ಜನವರಿಯಲ್ಲಿ ಮುಗಿಯಿತು. ಅದರಲ್ಲಿ ಒಳಗೆ ಮಾಮೂಲಿ ಒತ್ತಡ, ಮೇಲಿನ ಮನೆಗೆ ಕೊಳವೆಯಲ್ಲಿ ಮೆಟ್ಟಿಲು. ಎರಡನ್ನೂ ಒಂದೇ ಪಟ್ಟಿಗೆ ಸೇರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಶಿರಸಿ ಅಡಕೆ
ಮೆಟ್ಟಿಲು ಇದ್ದರೇನು, ಇಳಿಯದೆ ಹತ್ತದೆ 120 ದಿನ ಇದ್ದರಲ್ಲ. ಮನಸ್ಸು ಗಟ್ಟಿ ಇರಬೇಕು.

ಫ್ಲಾರಿಡಾ ಕನ್ನಡತಿ
ಮನಸ್ಸಿನ ವಿಷಯ ಒಪ್ಪಿದೆ. ಮೈಯ ವಿಷಯ ಬೇರೆ.

ನೇತ್ರಾಣಿ ಬಬಲ್
ನಮ್ಮ ಕರಾವಳಿಯಲ್ಲಿ ಇಂಥದ್ದೊಂದು ಯಾಕೆ ಆಗಬಾರದು? ಮುರ್ಡೇಶ್ವರದಿಂದ ನೇತ್ರಾಣಿಗೆ ಎಷ್ಟು ಜನ ಡೈವಿಂಗ್‌ಗೆ ಬರುತ್ತಾರೆ.

ಕುಂದಾಪ್ರ ಗಾಳ
ಮಳೆಗಾಲ ಎಲ್ಲಿಗೆ ಹಾಕುತ್ತೀರಿ? ಜೂನ್ ಬಂತೆಂದರೆ ನಮ್ಮ ದೋಣಿಯೇ ನೀರಿಗೆ ಇಳಿಯುವುದಿಲ್ಲ. ಆ ಅಲೆಗೆ, ಮನೆಗೆ ಗಾಳಿ ಕೊಡಲು ನೀರಿನ ಮೇಲೆ ತೇಲಿಬಿಡುವ ಬೋಯ್ ಒಂದು ವಾರ ನಿಲ್ಲಲಿ ನೋಡೋಣ. ಹೊಳೆಗಳೆಲ್ಲ ಕೆಂಪು ನೀರು ತಂದು ಸುರಿದ ಮೇಲೆ ಕಿಟಕಿಯಿಂದ ಕಾಣುವುದು ಕೆಸರೇ.

ಫ್ಲಾರಿಡಾ ಕನ್ನಡತಿ
ಬೋಯ್ ಮಾತು ಸರಿ. ಅಕ್ವೇರಿಯಸ್‌ಗೆ ಗಾಳಿ, ಕರೆಂಟ್, ಫೋನ್ ಎಲ್ಲ ಬರುವುದು ಮೇಲೆ ತೇಲುವ ಬೋಯ್‌ನಿಂದ. 2017ರ ಇರ್ಮಾ ಚಂಡಮಾರುತ ಅದನ್ನು ಕಿತ್ತುಕೊಂಡೇ ಹೋಯಿತು. ಮುನ್ಸೂಚನೆ ಬಂದಕೂಡಲೇ ಜನರನ್ನು ಹೊರಗೆ ತರಬೇಕು, ಅದಕ್ಕೂ ಆ 17 ಗಂಟೆ ಮೊದಲೇ ಲೆಕ್ಕ ಹಾಕಬೇಕು. ಅಕ್ವೇರಿಯಸ್ ಮೊದಲು ಇದ್ದ ಸೇಂಟ್ ಕ್ರೋಯ್ ದ್ವೀಪಕ್ಕೂ 1989ರಲ್ಲಿ ಹ್ಯೂಗೋ ಬಡಿದಿತ್ತು. ಆಮೇಲೆ ಎತ್ತಿ ದುರಸ್ತಿ ಮಾಡಿ ಇಲ್ಲಿಗೆ ತಂದರು.

ಹಾಸನದ ಬಯಾಲಜಿ ಮೇಡಂ
ಲಕ್ಷದ್ವೀಪ ಅಥವಾ ಅಂಡಮಾನ್ ಆಗಬಹುದು. ಹವಳ ಅಲ್ಲಿದೆ, ನೀರೂ ತಿಳಿ. ಹವಳ ಬಿಳಿಚಿಕೊಳ್ಳುವುದನ್ನು ದಿನದಿನವೂ ಪಕ್ಕದಲ್ಲೇ ಕೂತು ನೋಡುವುದಾದರೆ ನಮ್ಮ ವಿದ್ಯಾರ್ಥಿಗಳಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಬೆಳ್ಳಂದೂರು ಸಿಗ್ನಲ್
ಮತ್ತೆ ಅಲ್ಲಿಗೇ ಬಂದಿರಿ. ಅದೇ ದುಡ್ಡಿಗೆ ನೂರು ಕ್ಯಾಮೆರಾ.

ಹಾಸನದ ಬಯಾಲಜಿ ಮೇಡಂ
ನೂರು ಕ್ಯಾಮೆರಾಗೆ ನೂರು ಪಾಚಿ. ಉಜ್ಜಲು ನೀವು ಬನ್ನಿ.

ನೇತ್ರಾಣಿ ಬಬಲ್
ನೇತ್ರಾಣಿ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಹೋದ ಸೀಸನ್‌ನಲ್ಲಿ ಒಂದು ಕಡೆ ಐದು ನಿಮಿಷದ ಪಾಠ ಹೇಳಿ ನನ್ನ ತಂಗಿಯನ್ನು ನೀರಿಗೆ ಇಳಿಸಿದರು. ಕಿವಿ ನೋಯುತ್ತಿದೆ ಅಂತ ಅವಳು ಸನ್ನೆ ಮಾಡಿದರೂ ಫೋಟೋ ತೆಗೆಯುವ ಅವಸರದಲ್ಲಿ ಕೆಳಗೆ ಎಳೆದುಕೊಂಡೇ ಹೋದರು. ಮೂಗು ಹಿಡಿದು ಊದುವುದನ್ನು ದೋಣಿಯಲ್ಲೇ ಎರಡು ಮೂರು ಸಲ ಮಾಡಿ ನೋಡಿ. ಆಗದಿದ್ದರೆ ಅವತ್ತು ಇಳಿಯಬೇಡಿ.

ಶಿರಸಿ ಅಡಕೆ
ನನ್ನ ತಮ್ಮನಿಗೆ ಈ ಸ್ಯಾಚುರೇಶನ್ ಕೆಲಸಕ್ಕೆ ಸೇರುವ ಹುಚ್ಚು. ಐಟಿಐ ವೆಲ್ಡಿಂಗ್ ಆಗಿದೆ, ಈಜು ಬರುತ್ತದೆ. ದಾರಿ ಏನು?

ಸ್ಯಾಟ್ ಚೇಂಬರ್
ನೇರ ಸ್ಯಾಚುರೇಶನ್‌ಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಮೊದಲು ಕಮರ್ಷಿಯಲ್ ಏರ್ ಡೈವಿಂಗ್ ಕೋರ್ಸ್, ಆಮೇಲೆ ವರ್ಷಗಟ್ಟಲೆ ಹಡಗಿನ ಅನುಭವ, ಲಾಗ್ ಪುಸ್ತಕ ತುಂಬಬೇಕು. ನಮ್ಮ ನೌಕಾಪಡೆಯಲ್ಲೂ ಇದೆ. 2025ರ ಜುಲೈನಲ್ಲಿ ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ನಿಸ್ತಾರ್ ಇಂಥ ಕೆಲಸಕ್ಕೇ ಕಟ್ಟಿದ ಹಡಗು, 300 ಮೀಟರ್ ಆಳದವರೆಗೆ. ವೆಲ್ಡಿಂಗ್ ಗೊತ್ತಿರುವುದು ಒಳ್ಳೆಯದೇ, ಕೆಳಗೆ ಬೇಕಾದವರು ಕೈಕೆಲಸದವರು. ಬರೀ ಈಜುಗಾರರು ಬೇಕಾದಷ್ಟಿದ್ದಾರೆ.

ಕೋರ್ಸಿಗೆ ದುಡ್ಡು ಕಟ್ಟುವ ಮೊದಲೇ ಡೈವಿಂಗ್ ಮೆಡಿಕಲ್ ಮಾಡಿಸಿ. ಕಿವಿ, ಸೈನಸ್, ಶ್ವಾಸಕೋಶ. ಅಸ್ತಮಾ ಇದ್ದರೆ ಅಲ್ಲಿಗೇ ಬಿಡಿ. ಮುಚ್ಚಿದ ಕೋಣೆ ಅಂದರೆ ಭಯ ಇದೆಯಾ ಅಂತಲೂ ಕೇಳಿ.

ಶಿರಸಿ ಅಡಕೆ
ಭಯ ಇಲ್ಲ. ಗೊರಕೆ ಹೊಡೆಯುತ್ತಾನೆ.

ಸ್ಯಾಟ್ ಚೇಂಬರ್
ಹಾಗಾದರೆ ಒಳಗಿನವರೇ ಹೊರಗೆ ಹಾಕುತ್ತಾರೆ. ಆದರೆ ಅದಕ್ಕೂ ಡಿಕಂಪ್ರೆಶನ್ ಮುಗಿಯುವವರೆಗೆ ಕಾಯಬೇಕು.